ಮಣಿಸರವೋ, ಗಾಜಿನ ಹರಳೋ: ಹಳೆಯ ಮೂಳೆ ಸೋಂಕಿನ ಆಪರೇಷನ್ ಖರ್ಚು

ಮೂಳೆಯೊಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತ ಸೋಂಕಿಗೆ ಆಪರೇಷನ್ ಎಂದಾಗ ಎಸ್ಟಿಮೇಟ್ ಹಾಳೆಯಲ್ಲಿ ಕಣ್ಣಿಗೆ ಹೊಡೆಯುವುದು ಒಂದೇ ಸಾಲು: ಮೂಳೆಯ ಪೊಳ್ಳಿಗೆ ತುಂಬುವ ವಸ್ತು. ಅಂಗೈಯಲ್ಲಿ ಹಿಡಿಯುವಷ್ಟು ಪುಡಿ ಅಥವಾ ಹರಳು, ಅದರ ಬೆಲೆ ಮಾತ್ರ ಥಿಯೇಟರ್ ಶುಲ್ಕವನ್ನೂ ಮೀರಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಅನ್ನಿಸುವುದು ಸಹಜ. ಚೌಕಾಸಿ ಶುರುವಾಗುವುದೂ ಅಲ್ಲಿಂದಲೇ. ಆದರೆ ಈ ಕಾಯಿಲೆಯ ನಿಜವಾದ ಖರ್ಚು ಆ ಸಾಲಿನಲ್ಲಿ ಇರುವುದು ಕಡಿಮೆ. ಆಸ್ಪತ್ರೆಯಲ್ಲಿ ಮಲಗುವ ದಿನಗಳು, ಎರಡನೇ ಆಪರೇಷನ್, ಮತ್ತೆ ಕೀವು ಬಂದರೆ ಮೊದಲಿನಿಂದ ಶುರು ಮಾಡಬೇಕಾದ ಸುತ್ತು, ಇವು ಮೂರೇ ಹಣ ತಿನ್ನುವುದು. ಮೂರೂ ಎಸ್ಟಿಮೇಟಿನಲ್ಲಿ ಪೂರ್ತಿ ಬರೆದಿರುವುದಿಲ್ಲ.

ಹಾಗಾಗಿ ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ‘ಈ ಆಪರೇಷನ್ನಿಗೆ ಎಷ್ಟು?’ ಅಲ್ಲ. ‘ಎರಡು ವರ್ಷ ಕಳೆದ ಮೇಲೂ ಕೀವು ಇಲ್ಲದ, ಭಾರ ಹೊರುವ ಕಾಲು ಸಿಗುವ ಹೊತ್ತಿಗೆ ಒಟ್ಟು ಎಷ್ಟು?’ ಎಂಬುದು.

ಮೊದಲು ಕಾಯಿಲೆಯ ಸ್ವಭಾವ. ಸೋಂಕು ತಗಲಿದ ಮೂಳೆಗೆ ರಕ್ತ ಹರಿಯುವುದು ನಿಂತು ಒಂದು ತುಂಡು ಸಾಯುತ್ತದೆ. ಇದಕ್ಕೆ ಸೀಕ್ವೆಸ್ಟ್ರಮ್ ಎನ್ನುತ್ತಾರೆ. ಸತ್ತ ತುಂಡಿನ ಮೇಲೆ, ಹಳೆಯ ಪ್ಲೇಟು ಸ್ಕ್ರೂಗಳ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡು ಕೂರುತ್ತವೆ, ಅದೇ ಬಯೋಫಿಲ್ಮ್. ರಕ್ತವೇ ಹೋಗದ ಜಾಗಕ್ಕೆ ರಕ್ತದಲ್ಲಿ ಸಾಗುವ ಔಷಧಿ ಹೋಗುವುದು ಹೇಗೆ? ಹೋದರೂ ಲೋಳೆ ಪದರದೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ಮಾಮೂಲಿಗಿಂತ ನೂರಾರು ಪಟ್ಟು ಸಾಂದ್ರತೆ ಬೇಕಾಗಬಹುದು. ಮಾತ್ರೆ ನುಂಗಿದಾಗ ಕೀವು ನಿಲ್ಲುವುದು, ಬಿಟ್ಟಾಗ ಮತ್ತೆ ಅದೇ ತೂತಿನಿಂದ ಸೋರುವುದು ಈ ಕಾರಣಕ್ಕೆ. ಆಪರೇಷನ್ ಇಲ್ಲದೆ ಸುತ್ತಿ ಸುತ್ತಿ ಆಂಟಿಬಯಾಟಿಕ್ ಕೊಡುವುದು ಅಗ್ಗವಾಗಿ ಕಾಣುವ ದುಬಾರಿ ದಾರಿ.

ಎಲ್ಲ ಪದ್ಧತಿಗೂ ಬುನಾದಿ ಒಂದೇ: ಡಿಬ್ರೈಡ್‌ಮೆಂಟ್, ಅಂದರೆ ಸತ್ತದ್ದನ್ನೆಲ್ಲ ಕೆರೆದು ತೆಗೆಯುವುದು. ಮೇಲೆ ಏನೇ ತುಂಬಲಿ, ಒಳಗೆ ಸತ್ತ ಮೂಳೆ ಉಳಿದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೀವು ಸೋರುವ ಸೈನಸ್ ದಾರಿಯನ್ನು ಚರ್ಮದಿಂದ ಮೂಳೆಯವರೆಗೂ ಕತ್ತರಿಸಿ ತೆಗೆಯಬೇಕು. ಮೂಳೆಯಲ್ಲಿ ಉದ್ದಕ್ಕೆ, ಅಂಡಾಕಾರದ ಕಿಟಕಿ ತೆರೆಯಬೇಕು. ಮೂಲೆಗಳು ಚೂಪಾಗಿದ್ದರೆ ಅಲ್ಲಿಂದಲೇ ಬಿರುಕು ಹೊರಟು ಮೂಳೆ ಮುರಿಯುತ್ತದೆ, ಆಮೇಲೆ ಮುರಿದ ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಚೌಕಟ್ಟಿನ, ಅಂದರೆ ಫಿಕ್ಸೇಟರಿನ ಖರ್ಚೂ ಸೇರುತ್ತದೆ. ಸತ್ತ ಮೂಳೆ ದಂತದ ಹಾಗೆ ಬಿಳಿಯಾಗಿ, ಒಣಕಲಾಗಿ ಕಾಣುತ್ತದೆ, ಉಳಿ ತಾಗಿಸಿದರೆ ಚಕ್ಕೆ ಏಳುತ್ತದೆ. ಬದುಕಿರುವ ಮೂಳೆಯನ್ನು ಕೆರೆದರೆ ಮೆಣಸಿನ ಪುಡಿ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆಗಳು ಏಳುತ್ತವೆ. ಸರ್ಜನ್ನರು ಇದನ್ನು ಪ್ಯಾಪ್ರಿಕಾ ಸೈನ್ ಎನ್ನುವುದು ಅದಕ್ಕೇ. ರಕ್ತ ಹರಿಯದಂತೆ ಬಿಗಿಯುವ ಪಟ್ಟಿ, ಅಂದರೆ ಟೂರ್ನಿಕೆ ಕಟ್ಟಿ ಕೆಲಸ ಮಾಡಿದ್ದರೆ, ಮುಗಿಸುವ ಮುನ್ನ ಅದನ್ನು ಸಡಿಲಿಸಿ ಈ ಚುಕ್ಕೆಗಳು ಸುತ್ತಲೂ ಬಂದಿವೆಯೇ ಎಂದು ನೋಡಲೇಬೇಕು. ಈ ಕೆಲವು ನಿಮಿಷ ಉಳಿಸಿದ ಆಪರೇಷನ್ನೇ ಕೊನೆಗೆ ಅತಿ ದುಬಾರಿ ಬೀಳುವುದು.

ಕಲ್ಚರ್, ಅಂದರೆ ಒಳಗಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ ಕೂಡ ಹಾಗೆಯೇ, ಅಗ್ಗದ ಕೆಲಸ, ಅದನ್ನು ಕೆಡಿಸಿದರೆ ದುಬಾರಿ ಪರಿಣಾಮ. ಚರ್ಮದ ತೂತಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಕೀವು ಒಳಗಿನ ಬ್ಯಾಕ್ಟೀರಿಯಾವನ್ನೇ ತೋರಿಸುತ್ತದೆ ಎಂಬ ಭರವಸೆ ಇಲ್ಲ. ಚರ್ಮದ ಮೇಲಿನವು ಅದರಲ್ಲಿ ಬೆರೆತಿರುತ್ತವೆ. ಆಳದಿಂದ ಕನಿಷ್ಠ 5 ಬೇರೆ ಬೇರೆ ಜಾಗದ ತುಣುಕು, ಪ್ರತಿಯೊಂದಕ್ಕೂ ಹೊಸ ಬ್ಲೇಡು ಮತ್ತು ಹೊಸ ಚಿಮಟ, ಪ್ರತಿಯೊಂದೂ ಬೇರೆ ಡಬ್ಬಿಯಲ್ಲಿ. ರೋಗಿ ತೀರಾ ಬಳಲಿಲ್ಲದಿದ್ದರೆ 2 ವಾರ ಮೊದಲೇ ಆಂಟಿಬಯಾಟಿಕ್ ನಿಲ್ಲಿಸಿರಬೇಕು. ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾ ಸಿಗಬೇಕಾದರೆ ಲ್ಯಾಬಿನಲ್ಲಿ 14 ದಿನದವರೆಗೂ ಇಟ್ಟು ನೋಡಬೇಕು. ಒಂದು ತುಣುಕು ಸೂಕ್ಷ್ಮದರ್ಶಕದ ಪರೀಕ್ಷೆಗೂ ಹೋಗಬೇಕು, ಏಕೆಂದರೆ ಕ್ಷಯ, ಶಿಲೀಂಧ್ರ, ಹಳೆಯ ಸೈನಸ್ಸಿನಲ್ಲಿ ಹುಟ್ಟುವ ಕ್ಯಾನ್ಸರ್ ಇವೆಲ್ಲ ಸಾಮಾನ್ಯ ಕಲ್ಚರಿನಲ್ಲಿ ಸಿಕ್ಕಿಬೀಳುವುದಿಲ್ಲ. ‘ಏನೂ ಬೆಳೆಯಲಿಲ್ಲ’ ಎಂಬ ವರದಿ ಬಂದರೆ ಎಲ್ಲಕ್ಕೂ ಆಗಲಿ ಎಂದು ದೊಡ್ಡ ದೊಡ್ಡ ಔಷಧಿಗಳನ್ನು 6 ವಾರ ಕೊಡಬೇಕಾಗುತ್ತದೆ. ಐದು ಡಬ್ಬಿಯ ಖರ್ಚು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ತೊಳೆಯುವುದರಲ್ಲಿ ಉಳಿತಾಯಕ್ಕೆ ಜಾಗ ಇದೆ. ಒಂದೇ ಬಾರಿ ಬಳಸಿ ಎಸೆಯುವ ಹೈ ಪ್ರೆಶರ್ ಗನ್ನು ಬಿಲ್ಲಿಗೆ ಸೇರುವುದುಂಟು. 2015ರಲ್ಲಿ ಪ್ರಕಟವಾದ ಫ್ಲೋ ಅಧ್ಯಯನ 2,500ಕ್ಕೂ ಹೆಚ್ಚು ತೆರೆದ ಮುರಿತಗಳಲ್ಲಿ ನೋಡಿದಾಗ ಹೆಚ್ಚು ಒತ್ತಡದಿಂದ ಮರು ಆಪರೇಷನ್ ಕಡಿಮೆಯಾಗಲಿಲ್ಲ, ಸೋಪಿನ ದ್ರಾವಣವಂತೂ ಬರೀ ಸಲೈನಿಗಿಂತ ಕೆಟ್ಟ ಫಲ ಕೊಟ್ಟಿತು. ಅದು ಹಳೆಯ ಸೋಂಕಿನ ಅಧ್ಯಯನ ಅಲ್ಲ ನಿಜ. ಆದರೂ ಎತ್ತರಕ್ಕೆ ತೂಗುಹಾಕಿದ ಸಲೈನ್ ಬಾಟಲಿ, ದಪ್ಪ ಟ್ಯೂಬು, ಲೀಟರುಗಟ್ಟಲೆ ನೀರು ಇಷ್ಟು ಸಾಕೆಂಬುದು ನನ್ನ ಎಣಿಕೆ.

ಪೊಳ್ಳು ತುಂಬುವ ಪ್ರಶ್ನೆ

ಕೆರೆದ ಮೇಲೆ ಉಳಿಯುವ ಗುಳಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಉಳಿದ ನಾಲ್ಕು ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ. ಹಾಗಾಗಿ ಪೊಳ್ಳನ್ನು ಏನಿಂದಲಾದರೂ ತುಂಬಬೇಕು. ವೆಚ್ಚದ ಹೋಲಿಕೆ ಬಿಸಿಯಾಗುವುದು ಇಲ್ಲಿ.

ಹಳೆಯ, ಅಗ್ಗದ ದಾರಿ ಬೋನ್ ಸಿಮೆಂಟಿನ, ಅಂದರೆ ಕಲಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನ ಮಣಿಗಳದು. ಕಾರ್ಖಾನೆಯ ಮಣಿಸರದಲ್ಲಿ ಒಂದೊಂದು ಮಣಿ 7 ಮಿಲಿಮೀಟರ್, ಒಳಗೆ 7.5 ಮಿಲಿಗ್ರಾಂ ಜೆಂಟಮೈಸಿನ್ ಸಲ್ಫೇಟ್ ಎಂಬ ಆಂಟಿಬಯಾಟಿಕ್. ಅದು ಸಿಗದ ಕಡೆ ಥಿಯೇಟರಿನಲ್ಲೇ ಕಟ್ಟುತ್ತಾರೆ. 40 ಗ್ರಾಂ ಸಿಮೆಂಟಿನ ಪುಡಿಗೆ 2ರಿಂದ 4 ಗ್ರಾಂ ವ್ಯಾಂಕೊಮೈಸಿನ್ ಪುಡಿ, ಜೊತೆಗೆ ಬೇಕಾದರೆ ಪುಡಿ ರೂಪದ ಟೋಬ್ರಾಮೈಸಿನ್ ಅಥವಾ ಜೆಂಟಮೈಸಿನ್. ಪುಡಿಗಳನ್ನು ಮೊದಲು ಗಂಟಿಲ್ಲದ ಹಾಗೆ ಬೆರೆಸಿ ಆಮೇಲೆ ದ್ರವ ಸುರಿಯಬೇಕು. ಹಿಟ್ಟು ಕೈಗೆ ಅಂಟದ ಹದಕ್ಕೆ ಬಂದ ಕೂಡಲೇ 6–8 ಮಿಲಿಮೀಟರಿನ ಉಂಡೆ ಮಾಡಿ, ತೆಳು ಸ್ಟೀಲ್ ತಂತಿಗೆ ಅಥವಾ ಗಟ್ಟಿ ದಾರಕ್ಕೆ ಪೋಣಿಸಬೇಕು. ಹದ ಮೀರಿದರೆ ಉಂಡೆ ಬಿರುಕು ಬಿಡುತ್ತದೆ, ತಂತಿಗೆ ಕಚ್ಚುವುದಿಲ್ಲ. ಗಟ್ಟಿಯಾಗುವಾಗ ಸಿಮೆಂಟು ಬಿಸಿಯಾಗುತ್ತದೆ, ಆದ್ದರಿಂದ ಶಾಖ ತಡೆಯುವ ಔಷಧಿಯೇ ಬೇಕು. ಸಿಕ್ಕ ಆಂಟಿಬಯಾಟಿಕ್ ಸುರಿದರೆ ಅದು ಅಲ್ಲೇ ಕೆಟ್ಟಿರುತ್ತದೆ. ದ್ರವ ರೂಪದ ಔಷಧಿ ಬೆರೆಸಿದರೆ ಸಿಮೆಂಟು ಸರಿಯಾಗಿ ಕಟ್ಟುವುದಿಲ್ಲ. ಕೊನೆಯ ಕೆಲಸ ಎಣಿಕೆ: ಎಷ್ಟು ಮಣಿ ಒಳಗೆ ಹೋಯಿತು ಎಂಬುದು ಆಪರೇಷನ್ ನೋಟಿನಲ್ಲಿ ಅಂಕಿಯಲ್ಲಿ ಇರಬೇಕು.

ಮಣಿಯ ತೊಂದರೆ ಅದರ ಬೆಲೆಯಲ್ಲಿಲ್ಲ, ಆಯಸ್ಸಿನಲ್ಲಿದೆ. ಔಷಧಿಯ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲೇ ಹೊರಬಂದು, ಆಮೇಲೆ ತೊಟ್ಟಿಕ್ಕುವಷ್ಟಕ್ಕೆ ಇಳಿಯುತ್ತದೆ. ಔಷಧಿ ಖಾಲಿಯಾದ ಮಣಿ ಬರೀ ಪ್ಲಾಸ್ಟಿಕ್, ಬ್ಯಾಕ್ಟೀರಿಯಾ ಕೂರಲು ಹೊಸ ಜಗಲಿ. ಸಾಮಾನ್ಯವಾಗಿ 2ರಿಂದ 4 ವಾರದೊಳಗೆ ತೆಗೆಯುತ್ತಾರೆ, ಅಂದರೆ ಇನ್ನೊಂದು ಅರಿವಳಿಕೆ, ಇನ್ನೊಂದು ಥಿಯೇಟರ್ ಶುಲ್ಕ. ‘ಮುಂದಿನ ತಿಂಗಳು ಬರುತ್ತೇನೆ’ ಎಂದು ಹೋದ ರೋಗಿ ಮೂರು ತಿಂಗಳು ಬಿಟ್ಟು ಬಂದರೆ ಮಣಿಗಳ ಸುತ್ತ ನಾರಿನಂಥ ಅಂಗಾಂಶ ಬಿಗಿದಿರುತ್ತದೆ. ಎಳೆದರೆ ತಂತಿ ತುಂಡಾಗುತ್ತದೆ, ಅರ್ಧ ಮಣಿ ಒಳಗೇ ಉಳಿಯುತ್ತವೆ, ಇಪ್ಪತ್ತು ನಿಮಿಷದ ಕೆಲಸ ಎರಡು ಗಂಟೆಯಾಗುತ್ತದೆ. ಎಣಿಕೆ ಬರೆದಿಟ್ಟಿರಬೇಕು ಎಂದದ್ದು ಇದಕ್ಕೇ.

ಎರಡನೆಯದು ಕರಗುವ ವಸ್ತುಗಳು. ಕ್ಯಾಲ್ಸಿಯಂ ಸಲ್ಫೇಟ್ ಎಂದರೆ ಶುದ್ಧ ಮಾಡಿದ ಪ್ಲಾಸ್ಟರ್ ಆಫ್ ಪ್ಯಾರಿಸ್ಸೇ. ಔಷಧಿ ಬೆರೆಸಿ ಅಚ್ಚಿನಲ್ಲಿ ಸಣ್ಣ ಮಣಿ ಮಾಡಿ ತುಂಬಿದರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ತಾನೇ ಕರಗುತ್ತದೆ, ತೆಗೆಯುವ ಆಪರೇಷನ್ ಇಲ್ಲ. ಇದಕ್ಕೆ ಮೂಳೆಯಲ್ಲಿರುವಂಥದೇ ಖನಿಜವಾದ ಹೈಡ್ರಾಕ್ಸಿಅಪಟೈಟ್ ಸೇರಿಸಿ, 10 ಮಿಲಿಲೀಟರಿಗೆ 175 ಮಿಲಿಗ್ರಾಂ ಜೆಂಟಮೈಸಿನ್ ಇರುವ ಪೇಸ್ಟು ಕೂಡ ಇದೆ. ಆಕ್ಸ್‌ಫರ್ಡ್ ತಂಡ ಅದನ್ನು ಬಳಸಿ ಒಂದೇ ಹಂತದಲ್ಲಿ ಮಾಡಿದ 100 ಆಪರೇಷನ್‌ಗಳ ಫಲವನ್ನು 2016ರಲ್ಲಿ ಪ್ರಕಟಿಸಿತು: 96ರಲ್ಲಿ ಸೋಂಕು ಹೋಗಿತ್ತು. ಈ ಅಂಕಿಯನ್ನು ಉದ್ಧರಿಸುವವರು ಒಂದು ಮಾತನ್ನು ಬಿಡುತ್ತಾರೆ. ಅಲ್ಲಿ ಕೆರೆದವರು ಇದನ್ನೇ ದಿನವೂ ಮಾಡುವವರು, ಬೇಕಾದಲ್ಲಿ ಫ್ಲಾಪ್, ಅಂದರೆ ರಕ್ತ ಹರಿಯುವ ಸ್ನಾಯು ಅಥವಾ ಚರ್ಮದ ಹೊದಿಕೆ ಹಾಕಲು ಪ್ಲಾಸ್ಟಿಕ್ ಸರ್ಜನ್ ಅದೇ ಮೇಜಿಗೆ ಬರುತ್ತಿದ್ದರು. ಪೇಸ್ಟನ್ನಷ್ಟೇ ಕೊಂಡರೆ ಆ 96 ಜೊತೆಗೆ ಬರುವುದಿಲ್ಲ.

ಕರಗುವ ವಸ್ತುವಿನ ಒಂದು ಕಿರಿಕಿರಿ ಎಂದರೆ ಗಾಯದಿಂದ ಬಿಳಿಚಾದ, ಹಾಲಿನಂಥ ನೀರು ಸೋರುವುದು. ಕ್ಯಾಲ್ಸಿಯಂ ಸಲ್ಫೇಟ್ ಕರಗುವಾಗ ಇದು ಕೆಲವರಲ್ಲಿ ವಾರಗಟ್ಟಲೆ ಇರುತ್ತದೆ. ಜ್ವರ ಇಲ್ಲ, ನೋವು ಹೆಚ್ಚುತ್ತಿಲ್ಲ, ಗಾಯದ ಸುತ್ತ ಕೆಂಪಿಲ್ಲ, ರಕ್ತದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ ಇಳಿಯುತ್ತಿದೆ ಎಂದಾದರೆ ಅದು ಕೀವಲ್ಲ. ಡ್ರೆಸ್ಸಿಂಗ್ ಬದಲಿಸುತ್ತಾ ಕಾಯಬೇಕು. ಕೀವೆಂದು ತಿಳಿದು ಮತ್ತೆ ತೆರೆದರೆ ದುಬಾರಿ ವಸ್ತುವೂ ಹೋಯಿತು, ಇನ್ನೊಂದು ಆಪರೇಷನ್ನಿನ ಖರ್ಚೂ ಬಂತು. ಚರ್ಮದ ಕೆಳಗಿನವರೆಗೂ ತುರುಕಿ ತುಂಬಿದಾಗ ಸೋರಿಕೆ ಜಾಸ್ತಿ. ತುಂಬಾ ಹೆಚ್ಚು ಪ್ರಮಾಣ ಹಾಕಿದರೆ ಅಪರೂಪಕ್ಕೆ ರಕ್ತದಲ್ಲಿ ಕ್ಯಾಲ್ಸಿಯಂ ಏರುವುದೂ ಉಂಟು, ಕಿಡ್ನಿ ಸರಿಯಿಲ್ಲದವರಲ್ಲಿ ಇದನ್ನು ನೋಡಿಕೊಳ್ಳಬೇಕು.

ಮೂರನೆಯದು ಎಸ್53ಪಿ4 ಎಂಬ ಬಯೋಆಕ್ಟಿವ್ ಗಾಜು. ಹೆಸರಿನಲ್ಲೇ ಪಾಕವಿಧಾನ ಇದೆ: ತೂಕದಲ್ಲಿ 53% ಸಿಲಿಕಾ, 4% ಫಾಸ್ಫರಸ್ ಪೆಂಟಾಕ್ಸೈಡ್, ಉಳಿದದ್ದು 23% ಸೋಡಿಯಂ ಆಕ್ಸೈಡ್ ಮತ್ತು 20% ಕ್ಯಾಲ್ಸಿಯಂ ಆಕ್ಸೈಡ್. ಇದರಲ್ಲಿ ಆಂಟಿಬಯಾಟಿಕ್ ಇಲ್ಲವೇ ಇಲ್ಲ. ಹರಳಿನ ಮೈಯಿಂದ ಅಯಾನುಗಳು ಬಿಟ್ಟುಕೊಂಡು ಸುತ್ತಲಿನ ಕ್ಷಾರ ಗುಣ ಮತ್ತು ಆಸ್ಮಾಟಿಕ್ ಒತ್ತಡ (ಉಪ್ಪಿನ ಸಾಂದ್ರತೆಯಿಂದ ನೀರನ್ನು ಸೆಳೆಯುವ ಒತ್ತಡ) ಏರುತ್ತವೆ, ಬ್ಯಾಕ್ಟೀರಿಯಾಕ್ಕೆ ಅದು ಬದುಕಲಾಗದ ಜಾಗ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದ್ದಾಗ, ಜೆಂಟಮೈಸಿನ್ ಒಗ್ಗದವರಿಗೆ ಇದು ಅನುಕೂಲ. ಸಲೈನಿನಲ್ಲಿ ನೆನೆಸಿದರೆ ಹರಳುಗಳು ಒದ್ದೆ ಮರಳಿನ ಹಾಗೆ ಅಂಟಿಕೊಂಡು ಚಮಚದಲ್ಲಿ ನಿಲ್ಲುತ್ತವೆ. ವರ್ಷಗಳವರೆಗೂ ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುತ್ತವೆ. ಇದು ಗೊತ್ತಿಲ್ಲದ ಹೊಸ ವೈದ್ಯರು ಸೀಕ್ವೆಸ್ಟ್ರಮ್ ಎಂದು ಭಾವಿಸಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಬರೆಯಬಹುದು.

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ತಂಡ 2019ರಲ್ಲಿ ಇದೇ ಗಾಜಿನಿಂದ ಒಂದೇ ಹಂತದಲ್ಲಿ ಮುಗಿಸುವುದನ್ನೂ ಜೆಂಟಮೈಸಿನ್ ಮಣಿಗಳ ಎರಡು ಹಂತದ ಪದ್ಧತಿಯನ್ನೂ ವೆಚ್ಚದಲ್ಲಿ ಎದುರೆದುರು ಇಟ್ಟಿತು. ವಸ್ತು ದುಬಾರಿಯಾದರೂ ಒಂದು ಹಂತದ್ದೇ ಲಾಭಕರ ಎಂದು ಬಂತು, ಮುಖ್ಯ ಕಾರಣ ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆಯಾದದ್ದು. ಇದನ್ನು ಎಲ್ಲ ಕಡೆಗೂ ಹಾಗೇ ಎತ್ತಿಕೊಂಡು ಹೋಗಬಹುದೇ? ಆಗದು. ಯಾಕೆಂದು ಒಂದು ಲೆಕ್ಕ ಹಾಕಿಯೇ ನೋಡೋಣ.

ಹಾಸಿಗೆ-ದಿನದ ಲೆಕ್ಕ

ಹಣದ ಬದಲು ‘ಹಾಸಿಗೆ-ದಿನ’ವನ್ನೇ ನಾಣ್ಯ ಮಾಡಿಕೊಳ್ಳಿ: ವಾರ್ಡಿನಲ್ಲಿ ಒಂದು ದಿನ ಇರಲು ಆಗುವ ಖರ್ಚು 1. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನು ಹಾಕಿಕೊಂಡವು, ಯಾವುದೇ ಅಧ್ಯಯನದವಲ್ಲ. ನಿಮ್ಮ ಆಸ್ಪತ್ರೆಯ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ಎರಡು ಹಂತ: ಮೊದಲ ಆಪರೇಷನ್ 8, ಕೈಯಲ್ಲಿ ಕಟ್ಟಿದ ಮಣಿ 1, ಮಣಿ ತೆಗೆಯುವವರೆಗೂ ವಾರ್ಡಿನಲ್ಲಿ 14, ಮಣಿ ತೆಗೆದು ಮೂಳೆ ಕಸಿ ಮಾಡುವ ಎರಡನೇ ಆಪರೇಷನ್ 7, ಆಮೇಲೆ 7 ದಿನ. ಒಟ್ಟು 37. ಒಂದು ಹಂತ: ಆಪರೇಷನ್ 9, ತುಂಬುವ ವಸ್ತು 10, ವಾರ್ಡು 8. ಒಟ್ಟು 27. ಮಣಿಗಿಂತ ಹತ್ತು ಪಟ್ಟು ದುಬಾರಿ ವಸ್ತು ಹಾಕಿಯೂ ಒಟ್ಟಿನಲ್ಲಿ 10 ಉಳಿಯಿತು.

ಈಗ ಎರಡು ಹಂತದ ರೋಗಿಯನ್ನು ಐದನೇ ದಿನ ಮನೆಗೆ ಕಳಿಸಿ, ಮಣಿ ತೆಗೆಯಲು ಮತ್ತೆ ಸೇರಿಸಿಕೊಂಡು, ಆಮೇಲೂ 5 ದಿನವಷ್ಟೇ ಇಟ್ಟುಕೊಳ್ಳಿ: 8+1+5+7+5, ಒಟ್ಟು 26. ಒಂದು ಹಂತದ ಲಾಭ ಪೂರ್ತಿ ಕರಗಿತು. ಇನ್ನು ವಾರ್ಡಿನ ದಿನ ಬಹಳ ಅಗ್ಗ, ವಸ್ತು ಮಾತ್ರ ಹೊರಗಿನಿಂದ ಬರಬೇಕು ಎಂಬ ಕಡೆ ವಸ್ತುವೇ 40 ಹಾಸಿಗೆ-ದಿನಕ್ಕೆ ಸಮವಾಗಬಹುದು. ಆಗ ಒಂದು ಹಂತ 57ಕ್ಕೆ ಏರುತ್ತದೆ. ಮೊದಲ ಉದಾಹರಣೆಯಲ್ಲಿ ಎರಡೂ ಸಮ ಆಗುವ ಬಿಂದು ವಸ್ತುವಿನ ಬೆಲೆ 20 ಹಾಸಿಗೆ-ದಿನ ಆದಾಗ. ಅದಕ್ಕಿಂತ ಕೆಳಗಿದ್ದರೆ ದುಬಾರಿ ಹರಳೇ ಅಗ್ಗ, ಮೇಲಿದ್ದರೆ ಮಣಿಯೇ ಅಗ್ಗ. ಒಂದು ದೇಶದ ತೀರ್ಮಾನ ಇನ್ನೊಂದಕ್ಕೆ ಹೊಂದದಿರುವುದು ಈ ಒಂದು ಭಾಗಾಕಾರದಿಂದಲೇ.

ಮರುಕಳಿಕೆಯನ್ನು ಸೇರಿಸದಿದ್ದರೆ ಈ ಲೆಕ್ಕವೂ ಅರ್ಧ. ಅವಸರದಲ್ಲಿ ಕೆರೆದು ಏನೂ ತುಂಬದೆ 20ಕ್ಕೆ ಮುಗಿಸಿದರು, 100ರಲ್ಲಿ 30 ಜನಕ್ಕೆ ಕೀವು ವಾಪಸಾಯಿತು ಎಂದುಕೊಳ್ಳಿ. ಎರಡನೇ ಬಾರಿಯ ಚಿಕಿತ್ಸೆ ಸದಾ ಮೊದಲಿನದಕ್ಕಿಂತ ದುಬಾರಿ, ಏಕೆಂದರೆ ಗುಳಿ ದೊಡ್ಡದಾಗಿರುತ್ತದೆ, ಚರ್ಮ ಬಿಗಿದು ಗಾಯದ ಕಲೆಯಾಗಿರುತ್ತದೆ, ಬ್ಯಾಕ್ಟೀರಿಯಾ ಔಷಧಿ ಕಂಡು ಪಳಗಿರುತ್ತವೆ. ಅದನ್ನು 45 ಎಂದಿಟ್ಟರೆ ತಲಾ ಸರಾಸರಿ 20+13.5, ಅಂದರೆ 33.5. 27ರ ಪದ್ಧತಿಯಲ್ಲಿ 10 ಜನಕ್ಕೆ ಮರುಕಳಿಸಿದರೆ 27+4.5, ಅಂದರೆ 31.5. ಮೇಜಿನ ಮೇಲೆ 7 ಅಗ್ಗವಾಗಿ ಕಂಡದ್ದು ಕೊನೆಗೆ 2 ದುಬಾರಿಯಾಯಿತು.

ವಸ್ತು ತರಿಸುವ ಮುನ್ನ ಗುಳಿ ಅಳೆಯುವುದು ಬಹಳ ಕಡೆ ತಪ್ಪಿಹೋಗುವ ಕೆಲಸ. ಸಿಟಿ ಸ್ಕ್ಯಾನಿನಲ್ಲಿ ಉದ್ದ, ಅಗಲ, ಆಳ ನೋಡಿ ಅಂದಾಜು ಮಾಡಬೇಕು, ಕೆರೆದ ಮೇಲೆ ಸಿರಿಂಜಿನಿಂದ ಸಲೈನ್ ತುಂಬಿ ಎಷ್ಟು ಮಿಲಿಲೀಟರ್ ಹಿಡಿಯಿತು ಎಂದು ನೋಡಿ ಆಮೇಲೆ ಪೊಟ್ಟಣ ಒಡೆಯಬೇಕು. ಒಮ್ಮೆ ಒಡೆದ ಪೊಟ್ಟಣ ಇನ್ನೊಬ್ಬರಿಗೆ ಬರುವುದಿಲ್ಲ. 11 ಮಿಲಿಲೀಟರ್ ಗುಳಿಗೆ 10ರ ಎರಡು ಪೊಟ್ಟಣ ಒಡೆದರೆ 9 ಕಸದ ಬುಟ್ಟಿಗೆ, ಬಿಲ್ಲು ಮಾತ್ರ ಪೂರ್ತಿ. ಸಣ್ಣ ಗುಳಿಗೆ, ಪಕ್ಕದಲ್ಲಿ ಒಳ್ಳೆಯ ಸ್ನಾಯು ಇದ್ದರೆ, ಇದ್ಯಾವುದೂ ಬೇಡ. ಸ್ನಾಯುವನ್ನೇ ಮಗುಚಿ ಗುಳಿಗೆ ಕೂರಿಸಬಹುದು. ಅದು ರಕ್ತವನ್ನೂ ತರುತ್ತದೆ, ಅಂಥ ವಸ್ತುವನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಮೇಲಿನ ಹೊದಿಕೆ

ಮೊಣಕಾಲ ಕೆಳಗಿನ ಮೂಳೆ, ಟಿಬಿಯಾ, ಮುಂಭಾಗದಲ್ಲಿ ಚರ್ಮದ ಕೆಳಗೇ ಇದೆ. ಮೇಲಿನ ಮೂರನೇ ಒಂದು ಭಾಗಕ್ಕೆ ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್ ಸ್ನಾಯು, ನಡುವಿನ ಭಾಗಕ್ಕೆ ಸೋಲಿಯಸ್ ತಿರುಗಿಸಿ ಮುಚ್ಚಬಹುದು. ಪಾದದ ಹತ್ತಿರದ ಭಾಗಕ್ಕೆ ಬಹಳ ಸಲ ಬೇರೆ ಕಡೆಯಿಂದ ತಂದು ರಕ್ತನಾಳ ಜೋಡಿಸುವ ಫ್ರೀ ಫ್ಲಾಪೇ ಗತಿ. ಅದಕ್ಕೆ ಹಲವು ಗಂಟೆಯ ಮೈಕ್ರೋಸರ್ಜರಿ, ಮೊದಲ ಕೆಲವು ದಿನ ಗಂಟೆಗಂಟೆಗೂ ಫ್ಲಾಪಿನ ಬಣ್ಣ ನೋಡುವ ನರ್ಸಿಂಗ್, ನಾಳ ಕಟ್ಟಿಕೊಂಡರೆ ನಡುರಾತ್ರಿ ಮತ್ತೆ ಥಿಯೇಟರು. ಬಿಲ್ಲು ದೊಡ್ಡದಾಗುವುದು ಹೀಗೆ. ಇದನ್ನು ತಪ್ಪಿಸಲು ತಿಂಗಳುಗಟ್ಟಲೆ ವ್ಯಾಕ್ಯೂಮ್ ಡ್ರೆಸ್ಸಿಂಗ್ (ಗಾಯದ ಮೇಲೆ ಸ್ಪಂಜಿಟ್ಟು ಯಂತ್ರದಿಂದ ಹೀರುವ ಪಟ್ಟಿ) ಹಾಕುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಆ ಸ್ಪಂಜು 2–3 ದಿನಕ್ಕೊಮ್ಮೆ ಬದಲಾಗಬೇಕು, ಪ್ರತಿ ಬದಲಾವಣೆಗೂ ದುಡ್ಡು. ಫ್ಲಾಪ್ ಹಾಕುವವರೆಗಿನ ಕೆಲವು ದಿನಕ್ಕೆ ಅದು ಒಳ್ಳೆಯ ಸೇತುವೆ, ಸೇತುವೆಯ ಮೇಲೇ ಮನೆ ಕಟ್ಟಬಾರದು.

ಮೂಳೆಯೇ ಕತ್ತರಿಸಿ ಹೋದಾಗ

ಜಾರ್ಜ್ ಸಿಯರ್ನಿ ಮತ್ತು ಜಾನ್ ಮೇಡರ್ 1985ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: ಮಜ್ಜೆಯ ಕಾಲುವೆಯೊಳಗಿನದು, ಮೇಲ್ಮೈಯದು, ಒಂದು ಜಾಗಕ್ಕೆ ಸೀಮಿತವಾದದ್ದು, ಮೂಳೆಯ ಪೂರ್ತಿ ಸುತ್ತಳತೆಗೆ ಹರಡಿದ್ದು. ನಾಲ್ಕನೆಯ ಬಗೆಯಲ್ಲಿ ಸತ್ತದ್ದನ್ನು ತೆಗೆದರೆ ಮೂಳೆ ಎರಡು ತುಂಡಾಗುತ್ತದೆ. ಇಲ್ಲಿಂದ ಖರ್ಚಿನ ಪ್ರಮಾಣವೇ ಬೇರೆ. ಮೊದಲ ಮೂರು ಬಗೆಯ ವೆಚ್ಚವನ್ನು ಇದರ ಜೊತೆ ಬೆರೆಸಿ ‘ಸರಾಸರಿ’ ಕೊಡುವ ಹೋಲಿಕೆಯನ್ನು ಪಕ್ಕಕ್ಕಿಡಿ.

ಇಲಿಜರೋವ್ ಪದ್ಧತಿಯಲ್ಲಿ ಕಾಲಿನ ಸುತ್ತ ಲೋಹದ ಉಂಗುರಗಳನ್ನಿಟ್ಟು ತಂತಿಗಳಿಂದ ಮೂಳೆಗೆ ಬಿಗಿದು, ಒಳ್ಳೆಯ ಮೂಳೆಯನ್ನು ಬೇರೊಂದು ಕಡೆ ಕತ್ತರಿಸಿ, ಸುಮಾರು ಒಂದು ವಾರ ಬಿಟ್ಟು, ದಿನಕ್ಕೆ 1 ಮಿಲಿಮೀಟರ್‌ನಂತೆ ಸರಿಸುತ್ತಾರೆ, ಅದೂ ಕಾಲು ಮಿಲಿಮೀಟರಿನ ನಾಲ್ಕು ತಿರುವಿನಲ್ಲಿ. 6 ಸೆಂಟಿಮೀಟರ್ ಅಂತರಕ್ಕೆ ಸರಿಸಲು 60 ದಿನ. ಜನ ಇಷ್ಟಕ್ಕೇ ಲೆಕ್ಕ ನಿಲ್ಲಿಸುತ್ತಾರೆ. ಹೊಸ ಮೂಳೆ ಗಟ್ಟಿಯಾಗಿ ಉಂಗುರ ಬಿಚ್ಚಲು ಸೆಂಟಿಮೀಟರಿಗೆ ಒಂದೂವರೆಯಿಂದ ಎರಡು ತಿಂಗಳು ಹಿಡಿದರೆ, ಒಟ್ಟು 9ರಿಂದ 12 ತಿಂಗಳು. ಉಂಗುರಗಳ ಬೆಲೆ ಒಂದು ಸಲದ್ದು. ಅಷ್ಟು ತಿಂಗಳ ಎಕ್ಸ್‌ರೇ, ತಂತಿಯ ಬುಡದ ಡ್ರೆಸ್ಸಿಂಗ್, ಅಲ್ಲಿ ಪದೇ ಪದೇ ಬರುವ ಸಣ್ಣ ಸೋಂಕಿಗೆ ಮಾತ್ರೆ, ಪಾದ ಕೆಳಗೆ ಬಾಗದಂತೆ ಫಿಸಿಯೋಥೆರಪಿ, ಎರಡು ತುದಿ ಕೂಡುವ ಜಾಗದಲ್ಲಿ ಹಲವರಿಗೆ ಬೇಕಾಗುವ ಕಸಿ, ಕೆಲಸಕ್ಕೆ ಹೋಗಲಾಗದ ತಿಂಗಳುಗಳು ಇವು ನಿಜವಾದ ಮೊತ್ತ.

ಮಾಸ್ಕ್ವೆಲೆ ಪದ್ಧತಿ ಎರಡು ಹಂತದ್ದು. ಅಂತರದಲ್ಲಿ ಸಿಮೆಂಟಿನ ದಿಂಡು ಇಟ್ಟು 6–8 ವಾರ ಬಿಟ್ಟರೆ ಸುತ್ತ ರಕ್ತನಾಳ ತುಂಬಿದ ಪೊರೆ ಬೆಳೆಯುತ್ತದೆ. ಪೊರೆಯನ್ನು ಹುಷಾರಾಗಿ ಸೀಳಿ, ದಿಂಡು ತೆಗೆದು, ಒಳಗೆ ಸೊಂಟದ ಮೂಳೆಯ ಪುಡಿ ತುಂಬಿ ಹೊಲಿಯುತ್ತಾರೆ. ಹೊರಗಿನ ಉಂಗುರದ ಕಾಟ ಕಡಿಮೆ. ಆದರೆ ಅಂತರ ದೊಡ್ಡದಾದಷ್ಟೂ ಪುಡಿ ಸಾಲದು. ತೊಡೆಮೂಳೆಯ ಒಳಗಿನಿಂದ ಪುಡಿ ತೆಗೆಯುವ ರೀಮರ್ ಇದೆ, ಅದರ ಒಮ್ಮೆ ಬಳಸಿ ಎಸೆಯುವ ಭಾಗಗಳು ದುಬಾರಿ. ಸೋಂಕು ಪೂರ್ತಿ ಹೋಗದೆ ಎರಡನೇ ಹಂತಕ್ಕೆ ಹೋದರೆ ಅಷ್ಟೂ ಕಸಿ ಕೀವಾಗಿ ಹೊರಬರುತ್ತದೆ, ರೋಗಿಯ ಸೊಂಟದಲ್ಲಿ ಮತ್ತೆ ತೆಗೆಯಲು ಏನೂ ಉಳಿದಿರುವುದಿಲ್ಲ. ಸಣ್ಣ, ನಡುಮಟ್ಟದ ಅಂತರಕ್ಕೆ ಇದು, ಉದ್ದದ ಅಂತರಕ್ಕೆ, ಕಾಲು ಗಿಡ್ಡವಾಗಿದ್ದರೆ ಇಲಿಜರೋವ್ ಎಂಬುದು ನನ್ನ ಒಲವು.

ಕಾಲು ತೆಗೆಸುವುದು ಅಗ್ಗ ಎಂಬ ಮಾತು ಆಗಾಗ ಬರುತ್ತದೆ. ಆಪರೇಷನ್ ಹೌದು, ಅಗ್ಗ. ಕೃತಕ ಕಾಲು ಕೆಲವೇ ವರ್ಷಕ್ಕೆ ಸವೆಯುತ್ತದೆ, ಮೊಂಡು ಭಾಗದ ಗಾತ್ರ ಬದಲಾದಂತೆ ಸಾಕೆಟ್ ಬದಲಾಗಬೇಕು, ಇದು ಆಜೀವ ಚಂದಾ. ಅಮೆರಿಕದ ಲೀಪ್ ಅಧ್ಯಯನದ 2007ರ ವೆಚ್ಚದ ಲೆಕ್ಕದಲ್ಲಿ ತೀವ್ರವಾಗಿ ಜಜ್ಜಿಹೋದ ಕಾಲುಗಳ ಮೊದಲ ಎರಡು ವರ್ಷದ ಖರ್ಚು ಉಳಿಸಿದರೂ ತೆಗೆದರೂ ಹೆಚ್ಚುಕಡಿಮೆ ಹತ್ತಿರವಿತ್ತು, ಜೀವಮಾನದ ಅಂದಾಜಿನಲ್ಲಿ ತೆಗೆದದ್ದು ಸುಮಾರು ಮೂರು ಪಟ್ಟಾಯಿತು. ಅದು ಅಪಘಾತದ ಕಾಲುಗಳ ಲೆಕ್ಕ, ಸೋಂಕಿನದಲ್ಲ. ಅಂಕಿಗಿಂತ ದಿಕ್ಕನ್ನು ಗಮನಿಸಿ. ವಯಸ್ಸಾದ, ಹೃದಯ ಕಿಡ್ನಿ ಕೆಟ್ಟ, ವರ್ಷದ ಉಂಗುರ ತಡೆಯಲಾರದ ರೋಗಿಗೆ ಕಾಲು ತೆಗೆಯುವುದೇ ಸರಿಯಾದ ಚಿಕಿತ್ಸೆ ಆಗಿರಬಹುದು. ಏನೂ ಮಾಡದೆ ದಿನಕ್ಕೊಂದು ಡ್ರೆಸ್ಸಿಂಗಿನಲ್ಲಿ ಬದುಕುವುದೂ ಕೆಲವರಿಗೆ ಸರಿಯಾದ ಆಯ್ಕೆ. ಆದರೆ ದಶಕಗಳ ಸೈನಸ್ಸಿನಲ್ಲಿ ವಾಸನೆ ಬದಲಾದರೆ, ರಕ್ತ ಬಂದರೆ, ಹೂಕೋಸಿನಂತೆ ಮಾಂಸ ಬೆಳೆದರೆ ಬಯಾಪ್ಸಿ ತಡಮಾಡುವಂತಿಲ್ಲ.

ಆಂಟಿಬಯಾಟಿಕ್: ಸೂಜಿಯೋ, ಮಾತ್ರೆಯೋ

ಆಪರೇಷನ್ ಆದ ಮೇಲೆ 6 ವಾರ ರಕ್ತನಾಳದ ಮೂಲಕ ಔಷಧಿ ಎಂಬುದು ಬಹುಕಾಲದ ರೂಢಿ. ಕೇವಲ ಇದಕ್ಕಾಗಿ ವಾರ್ಡಿನಲ್ಲಿ ಮಲಗಿದರೆ ನಮ್ಮ ನಾಣ್ಯದಲ್ಲೇ 42! ಮೇಲಿನ ಮೊದಲ ಉದಾಹರಣೆಯ 37 ಮತ್ತು 27 ಎರಡಕ್ಕಿಂತಲೂ ಜಾಸ್ತಿ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಓವಿವಾ ಅಧ್ಯಯನದಲ್ಲಿ ಮೂಳೆ ಮತ್ತು ಕೀಲಿನ ಸೋಂಕಿದ್ದ 1,054 ಜನ ಇದ್ದರು. ಮೊದಲ ವಾರದೊಳಗೆ ಅರ್ಧ ಜನರನ್ನು ಬಾಯಿಯಿಂದ ಕೊಡುವ ಔಷಧಿಗೆ ಬದಲಿಸಿ ವರ್ಷದ ಕೊನೆಗೆ ನೋಡಿದಾಗ ಚಿಕಿತ್ಸೆ ಸೋತದ್ದು ಸೂಜಿಯ ಗುಂಪಿನಲ್ಲಿ 14.6%, ಮಾತ್ರೆಯ ಗುಂಪಿನಲ್ಲಿ 13.2%. ಅಂದರೆ ಮಾತ್ರೆ ಹಿಂದೆ ಬೀಳಲಿಲ್ಲ. ಇಡೀ ಲೆಕ್ಕದಲ್ಲಿ ಇಷ್ಟು ಸುಲಭವಾಗಿ ಇಷ್ಟು ಹಣ ಉಳಿಸುವ ಇನ್ನೊಂದು ಜಾಗ ಇಲ್ಲ. ಷರತ್ತುಗಳಿವೆ: ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಿರಬೇಕು, ಅದಕ್ಕೆ ತಾಗುವ ಮಾತ್ರೆ ಇರಬೇಕು, ಹೊಟ್ಟೆ ಅದನ್ನು ಹೀರಿಕೊಳ್ಳಬೇಕು, ರೋಗಿ ತಪ್ಪದೆ ನುಂಗಬೇಕು. ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್ ಒಂದನ್ನೇ ಕೊಡುವಂತಿಲ್ಲ, ದಿನಗಳಲ್ಲೇ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತವೆ. ಐದು ಡಬ್ಬಿಯ ಕಲ್ಚರ್ ಇಲ್ಲಿ ಮತ್ತೆ ತನ್ನ ಬೆಲೆ ವಸೂಲು ಮಾಡುತ್ತದೆ.

ಸಿಗರೇಟು ನಿಲ್ಲಿಸುವುದು, ಸಕ್ಕರೆ ಹಿಡಿತಕ್ಕೆ ತರುವುದು, ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಏರುವಷ್ಟು ಊಟ, ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲವು ವಾರ ಆಪರೇಷನ್ ಮುಂದೂಡಿಯಾದರೂ ಇವನ್ನು ಸರಿಮಾಡಿಕೊಂಡರೆ ಗಾಯ ಕೂಡುತ್ತದೆ.

ವೆಚ್ಚದ ಹೋಲಿಕೆ ಎಂದು ಯಾರಾದರೂ ಹಾಳೆ ಮುಂದಿಟ್ಟರೆ ನಾನು ನೋಡುವುದು ಇಷ್ಟು. ಖರ್ಚು ಯಾರ ಕಡೆಯಿಂದ ಎಣಿಸಿದ್ದು: ಆಸ್ಪತ್ರೆ, ವಿಮೆ, ರೋಗಿ? ಆಸ್ಪತ್ರೆಯ ಲೆಕ್ಕದಲ್ಲಿ ರೋಗಿಯ ಕಳೆದುಹೋದ ಸಂಬಳ ಇರುವುದೇ ಇಲ್ಲ. ಎಷ್ಟು ಕಾಲ ಹಿಂಬಾಲಿಸಿದ್ದಾರೆ: ಈ ಸೋಂಕು ವರ್ಷಗಳ ಮೇಲೂ ವಾಪಸ್ ಬರುವಂಥದ್ದು, 6 ತಿಂಗಳ ಲೆಕ್ಕದಲ್ಲಿ ಎಲ್ಲ ಪದ್ಧತಿಯೂ ಚೆನ್ನಾಗಿಯೇ ಕಾಣುತ್ತದೆ. ಎರಡು ಗುಂಪಿನ ಗುಳಿಯ ಗಾತ್ರ ಒಂದೇ ಇತ್ತೇ: ಹೊಸ ವಸ್ತುವಿಗೆ ಸುಲಭದ ರೋಗಿ, ಹಳೆಯದಕ್ಕೆ ಕಷ್ಟದ ರೋಗಿ ಬಿದ್ದಿದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಪ್ಯಾಕೇಜ್ ದರ ಇರುವ ಕಡೆ ಇನ್ನೊಂದು ಎಡವಟ್ಟು ಇದೆ. ಒಂದೊಂದು ಆಪರೇಷನ್ನಿಗೆ ಒಂದೊಂದು ಪ್ಯಾಕೇಜು ಸಿಗುವುದಾದರೆ ಎರಡು ಹಂತದ ಪದ್ಧತಿಯಲ್ಲಿ ಆಸ್ಪತ್ರೆಗೆ ಎರಡು ಸಲ ಹಣ, ಒಂದು ಹಂತದಲ್ಲಿ ದುಬಾರಿ ವಸ್ತುವಿನ ನಷ್ಟ ಆಸ್ಪತ್ರೆಯ ತಲೆಗೆ. ಯಾವ ಪದ್ಧತಿ ‘ಒಳ್ಳೆಯದು’ ಎಂಬ ಸಲಹೆ ಅಲ್ಲಿ ಎತ್ತ ವಾಲುತ್ತದೆ ಎಂದು ಊಹಿಸಬಹುದು.

ಡಿಸ್ಚಾರ್ಜ್ ಆಗುವಾಗ ಬಿಲ್ಲಿನ ಜೊತೆ ನಾಲ್ಕು ಕಾಗದ ಕೇಳಿ ತೆಗೆದುಕೊಳ್ಳಬೇಕು: ಎಲ್ಲಿ ಎಷ್ಟು ಮೂಳೆ ತೆಗೆದರು, ಏನು ಎಷ್ಟು ಮಿಲಿಲೀಟರ್ ತುಂಬಿದರು, ಎಷ್ಟು ಮಣಿ ಒಳಗಿವೆ ಎಂದಿರುವ ಆಪರೇಷನ್ ನೋಟ್, ಬ್ಯಾಕ್ಟೀರಿಯಾದ ಹೆಸರು ಮತ್ತು ತಾಗುವ ಔಷಧಿಗಳ ಪಟ್ಟಿ ಇರುವ ಕಲ್ಚರ್ ವರದಿ, ಪ್ಯಾಥಾಲಜಿ ವರದಿ, ವಸ್ತುವಿನ ಪೊಟ್ಟಣದ ಮೇಲಿನ ಸ್ಟಿಕ್ಕರ್. 14 ದಿನದ ಕಲ್ಚರ್ ವರದಿ ಡಿಸ್ಚಾರ್ಜ್ ಹೊತ್ತಿಗೆ ಬಹಳ ಸಲ ಬಂದಿರುವುದಿಲ್ಲ, ಅದನ್ನು ತರಲು ಇನ್ನೊಮ್ಮೆ ಹೋಗಬೇಕು.